ಬಸಿದ ನೀರು

ಕಾಳು ಒಂದು ಸೌಟು ತಿನ್ನಬಹುದು, ಬಸಿದ ನೀರನ್ನ ಮಾತ್ರ ಚೆಲ್ಲಬೇಕು... ಇಷ್ಟೇ ತಾನೆ ಶಶಿ, ರೂಲು? ಸೇಲಂ ಡಾಕ್ಟರು ಬರೆದುಕೊಟ್ಟು ಮೂರು ತಿಂಗಳಾಯ್ತು. ಅವತ್ತೇ ಚೀಟಿ ಓದಿ ಹೇಳಿದೆ. ಈ ಮನೇಲಿ ಒಬ್ಬರು ಪಾಲಿಸಿದ್ರಾ? ಒಬ್ಬರು!

ಯಾಕೆ ನಿಂತೇ ಇದೀಯ? ಕೂತ್ಕೋ. ರಿಪೋರ್ಟ್ ನೋಡ್ದೆ ತಾನೆ? ಪೊಟ್ಯಾಶಿಯಂ ಐದು ಪಾಯಿಂಟ್ ಒಂಬತ್ತು. ಇನ್ನೂ ಏರಿದ್ರೆ ಎದೆಬಡಿತ ನಿಂತುಹೋಗಬಹುದಂತೆ. ಕಿಡ್ನಿ ಅರ್ಧ ಹೋಗಿರೋ ಗಂಡ, ಪೂರ್ತಿ ಹೋದ್ರೆ ನಿಮಗೂ ಸಲೀಸು! ...ಯಾಕೆ ನಗ್ತೀಯ? ಓ, ನಗ್ತಾ ಇಲ್ವಾ. ಸರಿ.

ನಮ್ಮಮ್ಮನ್ನೇ ತಗೋ. ಮಹಾತಾಯಿ ಮುನಿವೆಂಕಟಮ್ಮನವರು! ಅವರೆಕಾಳು ನೆನೆಹಾಕ್ತಾರೆ, ಆ ನೀರು ಚೆಲ್ತಾರೆ. ಬೇರೆ ನೀರಲ್ಲಿ ಬೇಯಿಸ್ತಾರೆ, ಬಸೀತಾರೆ. ಇಲ್ಲೀವರೆಗೆ ನೂರಕ್ಕೆ ನೂರು ಮಾರ್ಕು. ಆಮೇಲೆ? ಆ ಬಸಿದ ನೀರಿಗೇ ಬೆಳ್ಳುಳ್ಳಿ, ಮೆಣಸು, ಹುಣಸೆ ಬಿಟ್ಟು, ಘಮ್ ಅಂತ ಒಗ್ಗರಣೆ ಕೊಟ್ಟು... ಬಸ್ಸಾರು! ಕಾಳಲ್ಲಿದ್ದ ಪೊಟ್ಯಾಶಿಯಂ ಎಲ್ಲಿಗೆ ಇಳೀತು? ನೀರಿಗೆ. ಆ ನೀರು? ನನ್ನ ಮುದ್ದೆಗೆ. ಕಾಳು ನಿಮ್ಮ ಪಲ್ಯಕ್ಕೆ! ಪಾಪ, ಕಿವಿ ಮಂದ ಐತೆ ಅಮ್ಮನಿಗೆ. ‘ಬಸಿದು ಚೆಲ್ಲು’ ಅಂದ್ರೆ ‘ಬಸಿ’ ಅಷ್ಟೇ ಕೇಳಿಸಿರ್ಬೇಕು. ಬಸಿ ಅಂದ್ಮೇಲೆ ನಮ್ಮ ಕೊಳತ್ತೂರೋರಿಗೆ ಬಸ್ಸಾರೇ!

ಪಕ್ಕದ ಮನೆ ಪೂಂಗೊಡಿ ಕಮ್ಮೀನಾ? ‘ಅಣ್ಣಾ, ಕೊಳ್ಳು ರಸಂ, ಒಡಂಬುಕ್ಕು ನಲ್ಲದು’, ಮೈಗೆ ಒಳ್ಳೇದು ಅಂತ ಹುರುಳಿಕಟ್ಟು ತುಂಬಿದ ತೂಕು ಡಬ್ಬಿ ತಂದ್ಕೊಡ್ತಾಳೆ. ಅವಳ ಮನಸ್ಸು ದೊಡ್ಡದು, ನನ್ನ ಕಿಡ್ನಿ ಚಿಕ್ಕದು. ಇನ್ನು ನೀನು... ಬಡಿಸಿದ ಸೌಟು ಯಾರ ಕೈಲಿತ್ತು?

ನಾನಾ? ನಾನು ಮೆಟ್ಟೂರಲ್ಲಿ ಇಪ್ಪತ್ತು ವರ್ಷ ಫ್ಯಾಕ್ಟರಿ ಲ್ಯಾಬಲ್ಲಿದ್ದೋನು! ನೀರಲ್ಲಿ ಏನು ಕರಗುತ್ತೆ ಅಂತ ನನಗೆ ಹೇಳಿಕೊಡ್ತೀಯಾ? ಬೇಡ ಅಂದ್ರೆ ಅಮ್ಮ ಕಣ್ಣೀರು ಹಾಕ್ತಾಳೆ ಅಂತ ಉಂಡೆ. ಮರ್ಯಾದೆಗೆ!

ಏನದು ಕೈಲಿ? ...ಡಾಕ್ಟರ ಚೀಟಿ. ಅದು ಇಂಗ್ಲಿಷಲ್ಲಿ ಐತೆ, ನಿನಗ್ಯಾಕೆ... ಯಾರ ಹತ್ರ ಓದಿಸ್ದೆ? ರಾಜಗೋಪಾಲ್ ಮೇಷ್ಟ್ರ ಹತ್ರಾನಾ? ಅವರಿಗೆ ಡಾಕ್ಟರ ಕೈಬರಹ ಏನು ತಿಳಿಯುತ್ತೆ...

ಶಶಿ, ಹಂಗೆ ನೋಡ್ಬೇಡ. ಬೈಯಿ.

...ಹೂಂ. ಅವತ್ತು ಅಮ್ಮನಿಗೆ ಚೀಟಿ ಸುಳ್ಳು ಓದಿ ಹೇಳಿದ್ದು ನಾನೇ. ‘ನೀರು ರೋಗಿಗೆ, ಕಾಳು ಮನೆಯವರಿಗೆ.’ ಅಮ್ಮನ ಕಿವಿ ಸರಿಯಾಗೇ ಐತೆ. ‘ನಿಜವಾ ಮಗಾ, ಅಂಗೇ ಬರ್ದವ್ರಾ?’ ಅಂತ ಎರಡು ಸಲ ಕೇಳಿದ್ಲು. ‘ಹಂಗೇ ಬರ್ದವ್ರೆ’ ಅಂದೆ, ಎರಡು ಸಲವೂ. ಬಸ್ಸಾರಿಲ್ದೆ ಮುದ್ದೆ ಗಂಟಲಲ್ಲಿ ಇಳಿಯಲ್ಲ ಕಣೇ...

ಎಲ್ಲಿಗೆ? ಆ ಬಸಿದ ನೀರಿನ ಪಾತ್ರೆ ಯಾಕೆ ಎತ್ತಿದೆ? ಇನ್ನೂ ಒಗ್ಗರಣೆ ಕೂಡ ಬಿದ್ದಿಲ್ಲ... ಶಶಿ, ಒಂದು ಸೌಟು. ಇವತ್ತೊಂದಿನ... ಲೇ, ಬಚ್ಚಲಿಗಾ! ...ಇರು, ಇರು... ತಳದಲ್ಲಿದ್ದ ಗಟ್ಟೀನೂ ಸುರಿದುಬಿಟ್ಟೆಯಲ್ಲೇ.