ಹೊಂಡಕ್ಕೆ ಹಾರಿದವನು

ಕಿಕ್ಕಿರಿದ ಕೋಲಾರದ ಬಸ್ಸಿನಲ್ಲಿ ಕಿಟಕಿಗೆ ಒತ್ತಿಕೊಂಡು ಕೂತಿದ್ದ ರಜನಿಗೆ, ಸನ್ಮಾನಕ್ಕೆ ಹೊರಟಿದ್ದ ಮುಂದಿನ ಸೀಟಿನ ಗಂಡಹೆಂಡಿರ ಪಿಸುಮಾತು ಬೇಡವೆಂದರೂ ಕೇಳಿಸುತ್ತಿತ್ತು.

"ಮಗೂನ ಉಳ್ಸೋಕೆ ನಾನು ಕೃಷಿ ಹೊಂಡಕ್ಕೆ ಹಾರ್ಲಿಲ್ಲ ಕಣೇ, ಕಾಲು ಜಾರಿ ಬಿದ್ದೆ. ಪೈಪ್ ಹಿಡ್ಕೊಂಡು ನೇತಾಡ್ತಿದ್ದೆ, ಮಗು ನನ್ನ ಕುತ್ತಿಗೆಗೆ ಜೋತುಬಿತ್ತು."

"ಮೆಲ್ಲಗೆ! ಊರೆಲ್ಲ ನಿಮ್ಮ ಫ್ಲೆಕ್ಸ್ ಕಟ್ಟವ್ರೆ. ಇದು ಗೊತ್ತಾದ್ರೆ ಹಾಲಿನ ಡೈರಿಯಲ್ಲಿ ನಾನು ಹೆಂಗೆ ಮುಖ ತೋರಿಸ್ಲಿ?"

"ಇವತ್ತು ಮೈಕಲ್ಲಿ ನಿಜ ಹೇಳ್ಬಿಡ್ತೀನಿ."

"ಹೇಳಿ ನೋಡಿ, ತವರಿಗೆ ಹೋಗ್ತೀನಿ."

ಸ್ಟಾಪ್ ಬಂತು. ಅವರೂರಿನವನೇ ಆದ ಕಂಡಕ್ಟರ್ ದಾರಿ ಬಿಡಿಸಿದ.

"ಜರುಗ್ರಪ್ಪ, ನಮ್ಮೂರ ಹೀರೊ ಇಳೀತವ್ರೆ! ಅಣ್ಣ, ನಮ್ಮ ಹೊಂಡಕ್ಕೆ ಬೇಲಿ ಹಾಕ್ಸೋಣ ಅಂತಿದ್ದೆ. ನೀವಿದ್ದೀರಲ್ಲ ಅಂತ ಬಿಟ್ಬಿಟ್ಟೆ."

"ದಮ್ಮಯ್ಯ ಅಂತೀನಿ, ಹಾಕ್ಸಪ್ಪ. ನಂಗೆ ಈಜೇ ಬರಲ್ಲ."

"ನೋಡ್ರಪ್ಪ, ದೊಡ್ಡೋರು ಹಿಂಗೇ!"

ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಎಲ್ಲ ಕೇಳಿಸಿಕೊಂಡಿದ್ದ ರಜನಿಯೂ ತಟ್ಟಿದಳು.