ನೋವಾದ್ರೆ ಎಡಗೈ ಎತ್ತಿ

…ಅಷ್ಟೇ, ಅಷ್ಟೇ. ಚುಚ್ಚಿದ್ದಾಯ್ತು. ಇನ್ನೈದು ನಿಮಿಷಕ್ಕೆ ಕೆನ್ನೆ, ತುಟಿ, ಅರ್ಧ ನಾಲಿಗೆ ಎಲ್ಲ ಮರಗಟ್ಟುತ್ತೆ. ಊಹೂಂ, ಮಾತಾಡ್ಬೇಡಿ! ಹತ್ತಿ ಇಟ್ಟಿದೀನಿ, ಬಾಯಿ ಮುಚ್ಚದ ಹಾಗೆ ರಬ್ಬರ್ ತುಂಡು ಕೊಟ್ಟಿದೀನಿ, ಎಂಜಲನ್ನ ಈ ಪೈಪು ಎಳ್ಕೊಳ್ಳುತ್ತೆ. ನೀವು ಮಾಡ್ಬೇಕಾದ್ದು ಒಂದೇ. ನೋವಾದ್ರೆ ಎಡಗೈ ಎತ್ತಿ. ತಕ್ಷಣ ನಿಲ್ಲಿಸ್ತೀನಿ. ಈ ಕುರ್ಚೀಲಿ ಯಾರೇ ಕೂತ್ರೂ ನಾನು ಹೇಳೋ ಮೊದಲನೇ ಮಾತು ಅದು.

ಸರಿ. ಈಗ ಮಾಸ್ಕ್ ತೆಗೀತೀನಿ. ನೋಡಿ. ಚೆನ್ನಾಗಿ ನೋಡಿ ಮೇಡಂ.

ಗೊತ್ತಾಗ್ಲಿಲ್ವಾ? ಬಿಡಿ, ಆರು ವರ್ಷ ಆಯ್ತು. ದತ್ತು ಕಚೇರಿಯವರು ನೀವು, ತಿಂಗಳಿಗೆ ಎಷ್ಟು ಮನೆ ತಪಾಸಣೆ ಮಾಡ್ತೀರೋ, ಯಾರ ಮುಖ ಅಂತ ನೆನಪಿಟ್ಕೊಳ್ತೀರಿ? ಮೂರನೇ ಮಹಡಿ. ಹಸಿರು ಬಾಗಿಲು. ನಮ್ಮನೆಯವರು ನಿಮ್ಮ ಕೈಯಿಂದ ಕೊಡೆ ಇಸ್ಕೊಂಡು, ಅದನ್ನ ಎಲ್ಲಿಡೋದು ಅಂತ ಗೊತ್ತಾಗ್ದೆ ನೀವು ಹೋಗೋವರೆಗೂ ಹಿಡ್ಕೊಂಡೇ ನಿಂತಿದ್ರು… ಹಾಂ! ಬಂತಲ್ಲ! ಏಳ್ಬೇಡಿ, ಏಳ್ಬೇಡಿ, ಪೈಪು ಬೀಳುತ್ತೆ. ಭಯ ಬೇಡ. ನಿಮ್ಮ ಹಲ್ಲಿಗೆ ನಾನು ಮೋಸ ಮಾಡಲ್ಲ. ಹುಳುಕು ಆಳಕ್ಕಿಳಿದಿದೆ, ನೀಟಾಗಿ ತೆಗೆದು ತುಂಬಿಸಿ ಕಳಿಸ್ತೀನಿ. ನನ್ನ ಕೆಲಸದ ಬಗ್ಗೆ ಯಾರೂ ಬೆರಳು ತೋರ್ಸೋ ಹಾಗಿಲ್ಲ.

ಆದ್ರೆ ಮರಗಟ್ಟೋವರೆಗೆ ಐದು ನಿಮಿಷ ಇದೆಯಲ್ಲ. ಅಷ್ಟು ಹೊತ್ತು ನಾನು ಮಾತಾಡ್ತೀನಿ, ನೀವು ಕೇಳಿ. ಅವತ್ತು ನೀವು ಮಾತಾಡಿದ್ರಿ, ನಾನು ಕೇಳಿದ್ದೆ.

ಎಷ್ಟು ಪ್ರಶ್ನೆ ಕೇಳಿದ್ರಿ! ಅಡುಗೆಮನೆ ಕಪಾಟು ತೆಗೆದ್ರಿ, ಫ್ರಿಜ್ ತೆಗೆದ್ರಿ, ಮಂಚದ ಕೆಳಗೆ ಬಗ್ಗಿ ನೋಡಿದ್ರಿ. ಮಗುವಿನ ರೂಮಲ್ಲಿ ಹಾಸಿಗೆ ಮೇಲಿನ ಪ್ಲಾಸ್ಟಿಕ್ ಬಿಚ್ಚಿರ್ಲಿಲ್ಲ ಅಂತ ಹಾಳೇಲಿ ಬರ್ಕೊಂಡ್ರಿ. ಕೊಳೆಯಾಗ್ದೆ ಇರ್ಲಿ ಅಂತ ಬಿಟ್ಟಿದ್ದೆ ಮೇಡಂ, ಅದೂ ತಪ್ಪಾ? ಆಮೇಲೆ ಪೆನ್ನು ಎತ್ತಿ, 'ಮಗು ಅತ್ತರೆ ಏನ್ಮಾಡ್ತೀರಿ?' ಅಂದ್ರಿ. 'ನಮ್ಮನೇಲಿ ಮಗು ಅಳಲ್ಲ' ಅಂದೆ. ಒಳ್ಳೇ ಮಾತು ಅಂದ್ಕೊಂಡೇ ಹೇಳಿದ್ದೆ! ಅಷ್ಟು ಚೆನ್ನಾಗಿ ನೋಡ್ಕೊಳ್ತೀವಿ ಅಂತ. ನೀವು ಅದನ್ನೂ ಬರ್ಕೊಂಡ್ರಿ, ಕೆಳಗೆ ಎರಡು ಗೆರೆ ಎಳೆದ್ರಿ. ತಲೆಕೆಳಗಾಗಿ ಓದೋಕೆ ಬರುತ್ತೆ ನನಗೆ.

'ಅರ್ಜಿದಾರರಿಗೆ ಮಗುವಿಗಿಂತ ಗೆಲ್ಲುವ ಹಠ ಹೆಚ್ಚು. ಶಿಫಾರಸು ಇಲ್ಲ.' ನೆನಪಿದೆಯಾ? ನನಗೆ ಇದೆ. ಎರಡೂ ಪೂರ್ಣವಿರಾಮ ಸಮೇತ ಬಾಯಿಪಾಠ.

ಯಾಕೆ ನಗ್ತಿದೀರಿ? ಓ… ರಬ್ಬರ್ ಇಟ್ಟಿದ್ದಕ್ಕೆ ಹಾಗೆ ಕಾಣ್ತಿದೆ. ಸರಿ ಸರಿ.

ನಮ್ಮನೆಯವರು ಹೋಗ್ಲಿ ಬಿಡು ಅಂದ್ರು. ಅವರು ಎಲ್ಲದಕ್ಕೂ ಹೋಗ್ಲಿ ಬಿಡು. ನಾನು ಬಿಡ್ಲಿಲ್ಲ. ಇಲ್ಲಿ ನಿಮ್ಮ ಸಹಿ ಇಲ್ದೆ ಆಗಲ್ಲ ಅಂದ್ರೆ ಬೇರೆ ದೇಶ ಇದೆಯಲ್ಲ! ಬೇರೆ ಸಂಸ್ಥೆ, ಬೇರೆ ಕಾನೂನು. ನಾಲ್ಕು ವರ್ಷಕ್ಕೂ ಹೆಚ್ಚು ಹಲ್ಲು ಕಚ್ಚಿಕೊಂಡು ಕಾದೆ. ಅರ್ಜಿ, ಪ್ರಮಾಣಪತ್ರ, ರಕ್ತಪರೀಕ್ಷೆ, ಮತ್ತೆ ಅರ್ಜಿ. ಪ್ರತಿ ಕಾಗದಕ್ಕೆ ಸಹಿ ಹಾಕುವಾಗ್ಲೂ ನಿಮ್ಮ ಆ ಎರಡು ಗೆರೆ ಕಣ್ಮುಂದೆ. ಅಲ್ಲಿಯ ನ್ಯಾಯಾಧೀಶರು ದುಭಾಷಿಯ ಮೂಲಕ ಕೇಳಿದ್ರು, 'ನಿಮಗೆ ಈ ಮಗು ಯಾಕೆ ಬೇಕು?' ಚೆನ್ನಾಗೇ ಉತ್ತರ ಕೊಟ್ಟೆ. ನಮ್ಮನೆಯವರ ಕಣ್ಣಲ್ಲಿ ನೀರು ಬಂತು, ದುಭಾಷಿ ಹುಡುಗೀನೂ ಮೂಗು ಒರೆಸ್ಕೊಂಡ್ಳು. ನಿಜ ಹೇಳ್ಲಾ? ಆಗ ನನ್ನ ತಲೇಲಿ ಮಗು ಇರ್ಲಿಲ್ಲ ಮೇಡಂ. ನೀವಿದ್ರಿ. ಈ ಮಗೂನ ಎತ್ಕೊಂಡು ನಿಮ್ಮ ಕಚೇರಿ ಬಾಗಿಲಲ್ಲಿ ನಿಂತ್ಕೊಂಡ್ರೆ ನಿಮ್ಮ ಮುಖ ಹೇಗಾಗುತ್ತೆ ಅನ್ನೋದೊಂದೇ ಇತ್ತು.

ಹೋದ ವರ್ಷ ಹೆಸರಿಲ್ಲದ ಕವರಲ್ಲಿ ನಿಮಗೊಂದು ಫೋಟೋ ಬಂದಿತ್ತಲ್ಲ? ವಿಮಾನ ನಿಲ್ದಾಣ, ನೀಲಿ ಸ್ವೆಟರ್ ಹುಡುಗ, ಕೈಯಲ್ಲಿ ತನ್ನ ಬೂಟು? ನಾನೇ ಕಳಿಸಿದ್ದು. ಅವನೇ ನನ್ನ ಮಗ. ಪಿಳಿಪಿಳಿ ಅಂತ ಕಣ್ಣು ಬಿಡ್ತಾನೆ ಅಂತ ಪಿಳ್ಳೆ ಅಂತೀವಿ. ಬೂಟು ಹಾಕ್ಕೋ ಅಂದ್ರೆ ಹಾಕ್ಕೊಳ್ಳಲ್ಲ, ಎದೆಗೆ ಅವುಚ್ಕೊಂಡು ಎರಡು ವಿಮಾನ ಹತ್ತಿ ಇಳಿದ. ಈಗ? ನಮ್ಮ ಭಾಷೇಲಿ ನಮಗೇ ತಿರುಗಿ ಪಾಠ ಹೇಳ್ತಾನೆ! ನಮ್ಮನೆಯವರ ಭುಜದಿಂದ ಕೆಳಗಿಳಿಯಲ್ಲ. ನನ್ನನ್ನ ಅಮ್ಮ ಅಂತಾನೆ. ಕೇಳಿಸ್ತಾ? ಅಮ್ಮ.

ಮತ್ತೆ ನಾನು ಹೇಳಿದ್ದೇ ಆಯ್ತು ನೋಡಿ. ಅಳೋದೇ ಇಲ್ಲ ಅವನು. ಬಿದ್ರೂ ಇಲ್ಲ, ಜ್ವರ ಬಂದ್ರೂ ಇಲ್ಲ. ಒಂದೂವರೆ ವರ್ಷದಲ್ಲಿ ಒಂದು ಹನಿ ಇಲ್ಲ!

ಹಾಗ್ಯಾಕೆ ನೋಡ್ತೀರಿ? ಖುಷಿಯಾಗಿದಾನೆ, ಅದಕ್ಕೇ ಅಳಲ್ಲ.

ಇನ್ನೊಂದು ತಮಾಷೆ. ಮೊದಲ ಒಂದೂವರೆ ವರ್ಷ ಆ ದೇಶಕ್ಕೆ ಮಗುವಿನ ವರದಿ ಹೋಗ್ಬೇಕು. ಮೂರು ಹೋಯ್ತು. ನಾಲ್ಕನೇದು ಕೊನೇದು, ಅದಾದ್ರೆ ಪಿಳ್ಳೆ ಪೂರ್ತಿ ನಮ್ಮವನು, ಯಾರೂ ಏನೂ ಕೇಳೋ ಹಾಗಿಲ್ಲ. ಅದಕ್ಕೆ ಯಾರು ಬರ್ತಾರೆ ಅಂತ ನೋಡಿದ್ರೆ… ನಿಮ್ಮ ಹೆಸರು! ಮುಂದಿನ ವಾರ. ಅಷ್ಟರಲ್ಲಿ ನಿಮಗೆ ಹಲ್ಲುನೋವು ಬಂದು, ನಿಮ್ಮ ಕಾಲಲ್ಲೇ ನಡ್ಕೊಂಡು ಬಂದು, ನನ್ನ ಕುರ್ಚೀಲಿ ಮಲಗಿ, ಬಾಯಿ ತೆರೆದಿದೀರಿ. ಎಷ್ಟು ಚೆಂದ ಅಲ್ವಾ? ಮುಂದಿನ ವಾರ ಹಸಿರು ಬಾಗಿಲು ತಟ್ತೀರಿ, ಪಿಳ್ಳೆನೇ ತೆಗೀತಾನೆ, ನೀವು ತಲೆ ತಗ್ಗಿಸ್ಕೊಂಡು ಒಳಗೆ ಬರ್ತೀರಿ, 'ಮಗು ಸುಖವಾಗಿದೆ' ಅಂತ ಬರೆದು ಸಹಿ ಹಾಕ್ತೀರಿ. ಬೇಕಾದ್ರೆ ಕೆಳಗೆ ಎರಡು ಗೆರೆ ಎಳೀರಿ!

ನನ್ನಂಥ ತಾಯಿ ಬೇಕು ಅವನಿಗೆ. ಹಲ್ಲಿನ ಡಾಕ್ಟರ್ ತಾಯಿ! ಬಂದು ಇನ್ನೂ ಎರಡು ತಿಂಗಳಾಗಿಲ್ಲ, ಕೆಳಗಿನ ಮುಂದಲ ಹಾಲುಹಲ್ಲು ಅಲ್ಲಾಡಿ, ನನ್ನ ಕೈಯಲ್ಲೇ ಉದುರ್ತು. ಅಂಗೈ ಮೇಲೆ ಅಕ್ಕಿಕಾಳಿನ ಹಾಗೆ. ನಕ್ಕರೆ ಕಿಟಕಿ ತೆಗೆದ ಹಾಗೆ ಕಾಣ್ತಿತ್ತು, ಅಷ್ಟು ಮುದ್ದು…

ಕೈ ಯಾಕೆ ಎತ್ತಿದ್ರಿ?

ನಾನಿನ್ನೂ ಮುಟ್ಟೇ ಇಲ್ಲವಲ್ಲ! ಡ್ರಿಲ್ ಅಲ್ಲೇ ಇದೆ ನೋಡಿ. ನೋವಾ? ಅಲ್ಲ? ಮತ್ತೆ?

ಓ. ಕಡತ ಓದಿದೀರಿ. ನಾಲ್ಕು ವರ್ಷ ಅಂತ ಇದೆ ಅಲ್ವಾ ಅದರಲ್ಲಿ, ಕರ್ಕೊಂಡು ಬಂದಾಗ. ನಾಲ್ಕು ವರ್ಷಕ್ಕೆ ಹಾಲುಹಲ್ಲು ಬೀಳುತ್ತಾ ಅಂತ. ಬೀಳಬಹುದು. ಕೆಲವು ಮಕ್ಕಳಿಗೆ ಬೇಗ… ಅಪರೂಪಕ್ಕೆ… ನಾನು ಡಾಕ್ಟರ್, ನೀವಾ? ಕೈ ಇಳಿಸಿ.

ಇಳಿಸಲ್ವಾ. ಸರಿ, ಹಾಗೇ ಇಟ್ಕೊಳ್ಳಿ, ಕೈ ನೋಯೋದು ನಿಮಗೆ.

ನಿಮ್ಮ ಕಣ್ಣಿದೆಯಲ್ಲ, ಅವತ್ತೂ ಹೀಗೇ… ಏನು? ನನಗೆ ಗೊತ್ತಿರ್ಲಿಲ್ಲ ಅಂತ ಹೇಳ್ಬೇಕಾ? ಹಲ್ಲಿನ ಡಾಕ್ಟರಿಗೆ ಗೊತ್ತಾಗ್ಲಿಲ್ಲ ಅಂದ್ರೆ ನಾಯಿ ಕೂಡ ನಂಬಲ್ಲ. ಗೊತ್ತಿತ್ತು. ಮೊದಲ ದಿನವೇ ಗೊತ್ತಿತ್ತು. ಆಯ್ತಾ? ಆ ಅನಾಥಾಲಯದ ಮೇಲ್ವಿಚಾರಕಿಗೆ ನಾನು ಹಲ್ಲಿನ ಡಾಕ್ಟರ್ ಅಂತ ಗೊತ್ತಾಗಿ, ಒಂದ್ಸಲ ಎಲ್ಲ ಮಕ್ಕಳ ಬಾಯಿ ನೋಡಿ ಅಂತ ಕೇಳ್ಕೊಂಡ್ಳು. ಉದ್ದ ಪಡಸಾಲೆ, ಫಿನಾಯಿಲ್ ವಾಸನೆ. ಕಿಟಕಿ ಹತ್ರ ಸ್ಟೂಲು ಹಾಕಿ ಮೂವತ್ತೊಂದು ಮಕ್ಕಳ ಬಾಯಿ ನೋಡಿದೆ. ಹುಳುಕಿಲ್ಲದ ಬಾಯಿ ಒಂದಿರ್ಲಿಲ್ಲ. ತುಂಬಿಸಿದ ಹಲ್ಲೂ ಒಂದಿರ್ಲಿಲ್ಲ. ಯಾರು ತುಂಬಿಸ್ತಾರೆ ಅಲ್ಲಿ? ಕೊನೆಗೆ ನಮ್ಮವನು ಬಂದ. 'ಆ' ಅಂತ ಬಾಯಿ ತೆರೆದ. ಹಿಂದುಗಡೆ ಆರು ವರ್ಷಕ್ಕೆ ಬರೋ ದವಡೆ ಹಲ್ಲು ನಾಲ್ಕೂ ಬಂದಿತ್ತು. ಅದರ ಮುಂದಿನ ಹಾಲುಹಲ್ಲಲ್ಲಿ…

ಸಾಕು. ಮರಗಟ್ಟಿರುತ್ತೆ. ಕೆಲಸ ಶುರು ಮಾಡೋಣ. ಕೈ ಇಳಿಸಿ ಮೇಡಂ. ಕೈ ಮೇಲಿದ್ರೆ ನಾನು ಡ್ರಿಲ್ ಹಚ್ಚೋ ಹಾಗಿಲ್ಲ. ನಿಯಮ.

ಸರಿ! ತಗೊಳ್ಳಿ, ರಬ್ಬರ್ ತೆಗೆದೆ. ಹತ್ತಿ ತೆಗೆದೆ. ಪೈಪೂ ತೆಗೆದೆ. ಬಾಯಲ್ಲಿ ಏನೂ ಇಲ್ಲ ಈಗ. ಏನು ಕೇಳ್ಬೇಕೋ ಕೇಳಿ! ಬೈಯೋದಿದ್ರೆ ಬೈಯಿರಿ. ತುಟಿ ದಪ್ಪ ಆದ್ರೂ ಮಾತು ಬರುತ್ತೆ.

ಮಾತಾಡಿ ಅಂದೆ.

ತುಂಬಿಸಿತ್ತು ಮೇಡಂ. ಆ ಹಾಲುಹಲ್ಲು. ಬೆಳ್ಳಿ ಬಣ್ಣದ ಸಿಮೆಂಟು, ಒಂದಿಷ್ಟೂ ಅಂಚು ಬಿಡದ ಹಾಗೆ. ಚೆನ್ನಾಗಿ ಮಾಡಿದ ಕೆಲಸ. ಅಷ್ಟು ಚಿಕ್ಕ ಮಗು ಸುಮ್ನೆ ಕೂರಲ್ಲ, ನನಗೆ ಗೊತ್ತು. ಯಾರಾದ್ರೂ ತೊಡೆ ಮೇಲೆ ಕೂರಿಸ್ಕೊಂಡು, ಕೈ ಹಿಡ್ಕೊಂಡು, ಏನೋ ಒಂದು ಕಥೆ ಹೇಳ್ತಾ ಇರ್ಬೇಕು. ಕಾಗದದಲ್ಲಿ ಏನಿತ್ತು? ಹುಟ್ಟಿದ ದಿನವೇ ಆಸ್ಪತ್ರೆ ಮೆಟ್ಟಿಲ ಮೇಲೆ ಸಿಕ್ಕ ಕೂಸು, ಅಲ್ಲೇ ಬೆಳೆದದ್ದು. ಅದು ಬೇರೆ ಯಾವುದೋ ಕೂಸಿನ ಕಾಗದ. ಇವನಿಗೊಬ್ಬಳು ಇದ್ಳು. ಹಲ್ಲುನೋವು ಅಂದ್ರೆ ಡಾಕ್ಟರ್ ಹತ್ರ ಓಡೋಳು ಒಬ್ಬಳು ಇದ್ಳು. ಸತ್ತಳೋ, ಹುಡುಕ್ತಿದಾಳೋ… ನನಗೇನು ಗೊತ್ತು? ಕೇಳ್ಲಿಲ್ಲ ನಾನು. ನಮ್ಮನೆಯವರು ಹಿಂದೆ ನಿಂತಿದ್ರು, 'ಏನಾದ್ರೂ ತೊಂದರೆ ಇದೆಯಾ?' ಅಂದ್ರು. 'ಎಲ್ಲ ಸರಿಯಾಗಿದೆ' ಅಂದೆ. ಟಾರ್ಚ್ ಆರಿಸ್ದೆ. ಮಾರನೇ ದಿನ ಸಹಿ ಇತ್ತು. ನಾಲ್ಕು ವರ್ಷದ ಮೇಲಾಗಿತ್ತು ಮೇಡಂ ನಾನು ಕಾದು! ಅದೊಂದು ಹಲ್ಲಿಗೋಸ್ಕರ ಬರಿಗೈಲಿ ವಾಪಸ್ ಬಂದು, ನಿಮ್ಮ ಮಾತೇ ನಿಜ ಅಂತ ಒಪ್ಕೊಳ್ಲಾ?

ಈಗ್ಲಾದ್ರೂ ಒಂದು ಮಾತು ಆಡಿ.

ಏನು, ಬಾಯಿ ತೋರ್ಸು ಅಂತ ಕೇಳ್ತೀರಾ ಅವನನ್ನ, ಮುಂದಿನ ವಾರ? ಕೇಳಿ. ಏನೂ ಸಿಗಲ್ಲ.

ಸಿಗಲ್ಲ ಅಂದೆ ಅಷ್ಟೇ.

ಅವನು ನಕ್ಕಾಗೆಲ್ಲ ಒಳಗಡೆ ಅದು ಮಿಣುಕ್ ಅನ್ನೋದು. ಮಲಗೋ ಮುಂಚೆ ನಾಲಿಗೆ ತುದೀಲಿ ಅದನ್ನ ಮುಟ್ಟಿ ಮುಟ್ಟಿ ನೋಡ್ಕೊಳ್ತಿದ್ದ. ಬೆರಳಿಟ್ಟು ಅವನ ಭಾಷೇಲಿ ಒಂದು ಮಾತು ಹೇಳೋನು. ಅದರ ಅರ್ಥ ನಾನು ಯಾರನ್ನೂ ಕೇಳ್ಲಿಲ್ಲ. ಕೇಳ್ಬೇಕಿತ್ತಾ? ಆ ಮಾತು ಹೇಳುವಾಗ ಅವನ ಮುಖ ನೋಡಿದ್ರೆ ಸಾಕಾಗಿತ್ತು. ನನ್ನನ್ನ ಅಮ್ಮ ಅಂತಾನೆ ಅಂದೆನಲ್ಲ, ಹಾಗನ್ನುವಾಗ ಆ ಮುಖ ಬರಲ್ಲ. ಇವತ್ತಿಗೂ ಬರಲ್ಲ. ನನ್ನ ಮಗನ ಬಾಯಲ್ಲಿ ಕೂತು ಅವಳು ನನ್ನ ನೋಡ್ತಿದ್ಳು ಮೇಡಂ, ನಿಮ್ಮ ಹಾಗೇ!

ಒಂದು ಭಾನುವಾರ, ನಮ್ಮನೆಯವರು ಊರಲ್ಲಿರ್ಲಿಲ್ಲ. ಇಲ್ಲಿಗೇ ಕರ್ಕೊಂಡು ಬಂದೆ. ಇದೇ ಕುರ್ಚಿ. ಕಾಲು ಇಲ್ಲಿಗೆ ಬರ್ತಿತ್ತು ಅವನಿಗೆ, ಅರ್ಧಕ್ಕೆ. ಗಟ್ಟಿಯಾದ ಹಲ್ಲು, ಇನ್ನೂ ಮೂರ್ನಾಲ್ಕು ವರ್ಷ ಇರ್ಬೇಕಾದ್ದು. ಇಂಜೆಕ್ಷನ್ ಕೊಟ್ಟೆ, ಕಟುಕಿ ಅಲ್ಲ ನಾನು. ಪೂರ್ತಿ ಮರಗಟ್ಟಿತ್ತು, ಚುಚ್ಚಿ ನೋಡಿದ್ದೆ. ನಿಯಮಾನೂ ಹೇಳಿದ್ದೆ. ನೋವಾದ್ರೆ ಎಡಗೈ ಎತ್ತು, ಅಮ್ಮ ನಿಲ್ಲಿಸ್ತಾಳೆ ಅಂತ. ಹೊಸ ಭಾಷೇಲಿ ಅವನು ಕಲಿತ ಮಾತುಗಳಲ್ಲಿ ಅದೂ ಒಂದು.

ಇಕ್ಕಳ ತಗೊಂಡ ತಕ್ಷಣ ಕೈ ಎತ್ತಿದ.

ನೋವಿರ್ಲಿಲ್ಲ ಮೇಡಂ ಅವನಿಗೆ. ನೋವಿಗೆ ಎತ್ತಿದ್ದಲ್ಲ.

ನಾನು ನಿಲ್ಲಿಸ್ಲಿಲ್ಲ. ಅವನು ಅಳ್ಲಿಲ್ಲ. ಹಲ್ಲು ಕಿತ್ತು ಬಂದ ಮೇಲೂ ಕೈ ಹಾಗೇ ಮೇಲಿತ್ತು, ಹತ್ತಿ ಕಚ್ಚಿಸಿದ್ರೂ, ಬಾಯಿ ಒರೆಸಿದ್ರೂ… ಕೊನೆಗೆ ನಾನೇ ಹಿಡಿದು ಇಳಿಸ್ಬೇಕಾಯ್ತು.

ಆ ಹಲ್ಲು ಇಲ್ಲೇ ಇದೆ, ಈ ಡ್ರಾಯರಲ್ಲಿ. ಎಸೆಯೋಕೆ ಆಗ್ಲಿಲ್ಲ. ತಗೊಳ್ಳಿ. ತಗೊಂಡು ಹೋಗಿ. ವರದಿಗೆ ಬೇಕಾಗುತ್ತಲ್ಲ?

ತಗೊಳ್ಳಿ ಮೇಡಂ. ಏನಾದ್ರೂ ಹೇಳಿ. ಯಾಕೆ ಹಾಗೇ ಇಟ್ಕೊಂಡಿದೀರಿ ಕೈನ? ನಾನು ನಿಲ್ಲಿಸಿದೀನಿ ನೋಡಿ, ಎಲ್ಲ ನಿಲ್ಲಿಸಿದೀನಿ… ಕೈ ಇಳಿಸಿ. ನಿಮ್ಮ ದಮ್ಮಯ್ಯ ಅಂತೀನಿ, ಕೈ ಇಳಿಸಿ.