ಕಾಫಿ ಗಿಡ ಉಜ್ಜಾಕೆ ಹೋದ ಕಾಲ

...ಕುಡಿಯಾಕೆ ಅಲ್ಲ ಕಣ್ರೋ, ಕಾಫಿ ಗಿಡ ಉಜ್ಜಾಕೆ ಹೋಗಿದ್ದೆ ನಾನು. ನಗಬ್ಯಾಡ್ರಿ. ಎಪ್ಪತ್ತರ ದಶಕ, ನಿಮ್ಮಪ್ಪ ಇನ್ನೂ ಅಂಬೆಗಾಲು ಇಡ್ತಿದ್ದ. ನಮ್ಮೂರು ನಲ್ಲೂರಾಗೆ ಕೂಲಿ ಇರಲಿಲ್ಲ, ನಾನೂ ನಿಮ್ಮಜ್ಜನೂ ಚಿಕ್ಕಮಗಳೂರು ಕಡೆ ತೋಟಕ್ಕೆ ಹೊಂಟ್ವಿ. "ಅಲ್ಲಿ ಗಿಡಕ್ಕೆ ವಿಷ ಹಚ್ತಾರಂತೆ, ಕೂಸು ಇಲ್ಲೇ ಇರ್ಲಿ" ಅಂದ್ರು ನಮ್ಮತ್ತೆ. ಬಿಟ್ಟು ಹೋದೆ. ಬಸ್ಸು ಚನ್ನಗಿರಿ ಮುಟ್ಟಿದಾಗ... ಅಲ್ಲ, ಚನ್ನಗಿರಿ ದಾಟಿದ ಮ್ಯಾಲೆ, ಎದೆ ಹಾಲು ಸೋರಿ ಕುಬಸ ತೊಯ್ದು ಹೋತು.

ಅಲ್ಲಿ ಕಾಂಡಕೊರಕ ಅಂತ ಒಂದು ಹುಳ ನೋಡ್ರಿ. ದುಂಬಿ ಬಂದು ತೊಗಟೆ ಸಂದಿಯಾಗೆ ಮೊಟ್ಟೆ ಇಡ್ತೈತೆ, ಮರಿ ಒಳಗೊಳಗೇ ಕೊರಕೊಂಡು ಹೋಗ್ತೈತೆ. ಹುಳ ಹೊಕ್ಕ ಗಿಡ ಕಿತ್ತು ಸುಡಬೇಕು. ಬಿಸಿಲು ಬಿದ್ರೆ ಹುಳ ಜಾಸ್ತಿ ಅಂತ ನೆರಳು ಮರ ಕಾಪಾಡಬೇಕು. ಉಳಿದ ಗಿಡದಾಗೆ ಕೆಲವಕ್ಕೆ ಔಷಧಿ ಹಚ್ಚೋದು, ಕೆಲವಕ್ಕೆ ಕೈಗೆ ಗೋಣಿ ಸುತ್ಕೊಂಡು ತೊಗಟೆ ಉಜ್ಜಿ ಮೊಟ್ಟೆ ಉದುರಿಸೋದು. ನನ್ನ ಔಷಧಿ ಕಡೆ ಹಾಕಿದ್ರು. ಎಷ್ಟು ಸೋಪು ತಿಕ್ಕಿದ್ರೂ ಕೈ ವಾಸನೆ ಹೋಗ್ತಿರಲಿಲ್ಲ. ಕೂಲಿಯವ್ರ ಸಾಲು ಮನೆಯಾಗೆ ಇದ್ವಿ, ಪಕ್ಕದ ಲೈನ್‌ಮನೆಯಾಗೆ ಯಾರ್ದಾದ್ರೂ ಕೂಸು ಅತ್ರೆ ಸಾಕು, ಉಣ್ಣೋ ತಟ್ಟೆ ಸರಿಸಿ ಬಾಗಿಲಿಗೆ ಬಂದು ನಿಲ್ತಿದ್ದೆ.

ದೀಪಾವಳಿ ಬಂತು. ತೋಟದ ಲೆಕ್ಕ ಬರಿಯೋ ರೈಟರ್ ಹತ್ರ ಹೋದೆ, "ಊರಿಗೆ ಹೋಗಿ ಬರ್ತೀನ್ರೀ." "ದುಂಬಿ ಹಾರೋ ಟೈಮೇ ಇದು ಕಣಮ್ಮ, ಈಗ ಬಿಟ್ರೆ ತೋಟನೇ ಹೋಗ್ತದೆ!" ಹಬ್ಬ ಹಂಗೇ ಕಳೀತು. ಕೆಲಸ ಮುಗಿಸಿ ಊರಿಗೆ ಬಂದ್ರೆ, ಅಂಬೆಗಾಲಿನ ಕೂಸು ಓಡಾಡ್ತೈತೆ! ಓಡಿ ಹೋಗಿ ನಮ್ಮತ್ತೆ ಸೆರಗಿನಾಗೆ ಅಡಗಿಕೊಂತು. "ನಿಮ್ಮವ್ವ ಕಣೋ" ಅಂದ್ರು ಅತ್ತೆ. ಅವ್ನು ಅತ್ತೇನೇ "ಅವ್ವಾ, ಅವ್ವಾ" ಅಂತ ತಬ್ಬಿಕೊಂಡ.

ಮತ್ತೆ ಹೋಗುವಾಗ ಅವನ್ನ ಕಂಕುಳಾಗೆ ಇಟ್ಕೊಂಡೇ ಬಸ್ ಹತ್ತಿದೆ. ರೈಟರ್‌ಗೆ ಅಂದೆ, "ನನ್ನ ಉಜ್ಜೋ ಕಡೆ ಹಾಕ್ರೀ." "ಕೈ ಸುಲೀತದೆ, ಔಷಧಿ ಹಚ್ಚೋದೇ ಸಲೀಸು." "ಸುಲೀಲಿ ಬಿಡ್ರೀ. ಈ ಕೈಯಾಗೆ ಕೂಸಿಗೆ ಉಣ್ಣಿಸಬೇಕು." ರೈಟರ್ ಪುಸ್ತಕದಾಗೆ ನನ್ನ ಹೆಸರು ಆ ಕಡೆ ಬರ್ಕೊಂಡು, "ಆಯ್ತು ಹೋಗು" ಅಂದ್ರು.

ಕೂಸು ಗಿಡದ ನೆರಳಾಗೆ ಕೂರೋದು, ನಾನು ಉಜ್ಜೋದು. ಬಾಳ ದಿನ ಹತ್ರಾನೇ ಬರಲಿಲ್ಲ. ಒಂದಿನ ಹಿಂದಿನಿಂದ ಸೀರೆ ಜಗ್ಗಿತು. "ಅವ್ವಾ, ನೀರು." ಅಷ್ಟೇ. ಗೋಣಿ ಬಿಸಾಕಿ ಎತ್ಕೊಂಡೆ, ಮೇಸ್ತ್ರಿ ಬೈದಿದ್ದೂ ಕಿವಿಗೆ ಬೀಳಲಿಲ್ಲ.

ಅವ್ನು ಮೊದಲ ಹೆಜ್ಜೆ ಇಟ್ಟಿದ್ದು ನಾ ನೋಡಲಿಲ್ಲ ಕಣ್ರೋ. ಹೆಂಗೆ ಇಟ್ಟಿರಬೇಕು ಅಂತ ಈಗಲೂ ನೆನೀತೀನಿ. ಕೂಸು ಕರೆದಾಗ ಕೈಯಾಗಿನ ಕೆಲಸ ಕೆಳಗಿಡ್ರಿ, ಅಷ್ಟೇ ನಾ ಹೇಳಾದು. ಏಳ್ರಿ, ರೊಟ್ಟಿ ಆರ್ತಾವೆ.